ನಾಲ್ಕು ನಿಂಬೆಹಣ್ಣು

ಮೇಕೆಯಮ್ಮ ಗೋಸುಂಬೆ ಸಾಹುಕಾರನಿಂದ ಕೊಂಡ ಹೊಸ ಕೆಂಪು ಕಾರು ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಬಂಡೆಗೆ ಗುದ್ದಿತು. ಒಳಗಿದ್ದ ಅವಳ ಎರಡು ಮರಿಗಳಲ್ಲಿ ಒಂದರ ಕಾಲು ಮುರಿಯಿತು.

“ಬ್ರೇಕ್ ಯಾಕೆ ಹಿಡೀಲಿಲ್ಲ, ಸಾಹುಕಾರ್ರೇ?” ಎಂದು ಅವಳು ಅಂಗಡಿಗೇ ಬಂದು ಕೇಳಿದಳು.

“ಪೂಜೆ ದಿನ ನಿಂಬೆಹಣ್ಣಿನ ಮೇಲೆ ಸರಿಯಾಗಿ ಹತ್ತಿಸಿದ್ರೇನಮ್ಮಾ?”

“ಚಕ್ರದಡಿ ಇಟ್ಟೋರು ನೀವೇ. ನಾಲ್ಕೂ ಅಪ್ಪಚ್ಚಿ ಆದವು.”

“ಹಾಗಾದ್ರೆ ದೃಷ್ಟಿ ತಾಗಿದೆ. ಅದಕ್ಕೆ ಗ್ಯಾರಂಟಿ ಇಲ್ಲ. ಅಪಶಕುನದ ಗಾಡಿ, ಇಲ್ಲೇ ಬಿಟ್ಹೋಗಿ. ಇನ್ನೊಂದು ಮರಿಯಾದ್ರೂ ನೆಟ್ಟಗಿರಲಿ.”

ಮೇಕೆಯಮ್ಮ ಹೆದರಿ ಬಿಟ್ಟುಹೋದಳು.

ವಾರದ ಮೇಲೆ ಅದೇ ದಾರಿಯಲ್ಲಿ ಬಂದರೆ, ಅಂಗಡಿ ಮುಂದೆ ಹಾರ ಹಾಕಿದ ನೀಲಿ ಕಾರು. ಬಣ್ಣ ಬದಲಿಸೋದು ಗೋಸುಂಬೆಗೆ ಎಷ್ಟು ಹೊತ್ತಿನ ಕೆಲಸ? ಬಾಗಿಲ ಮೇಲೆ ಮಾತ್ರ ಅವತ್ತು ಗುದ್ದಿದಾಗ ಅವಳ ಕೊಂಬು ಗೀರಿದ ಗುರುತು ಹಾಗೇ ಇತ್ತು. ಒಳಗೆ ಮೊಲದ ಸಂಸಾರ, ಐದು ಮರಿ.

“ಇಳೀರೋ, ಬ್ರೇಕ್ ಇಲ್ಲ!” ಎಂದು ಕೂಗಿದಳು.

“ಶುಭಕಾರ್ಯದಲ್ಲಿ ಇದೆಂಥ ಮಾತು!” ಎಂದು ಮೊಲವೇ ಸಿಡುಕಿತು. ನಿಂಬೆಹಣ್ಣು ನಾಲ್ಕೂ ಪಚಕ್ಕೆಂದವು. ಕಾರು ಇಳಿಜಾರಿನ ಕಡೆ ಹೊರಟಿತು.