ಎಲ್ಲರಿಗೂ ಕೇಳಿಸಿದ ಹಿತ್ತಾಳೆ ಕೀ

“ಮೇಷ್ಟ್ರೇ, ನನ್ನ ಕೈ ಹೇಗಿದೆ?” ಎಂದು ಇಂದುಧರ ಕೇಳಿದ.

ಮೋರ್ಸ್ ಕೀ ಒತ್ತಿ ಮಾತಾಡುವ ಹ್ಯಾಮ್ ರೇಡಿಯೊದವರಿಗೆ ಕೈ ಎಂದರೆ ಕೈಬರಹದ ಹಾಗೆ, ಒಬ್ಬೊಬ್ಬರದು ಒಂದೊಂದು. ಇಂದುಧರ ಆಗತಾನೇ ರೇಡಿಯೊದಲ್ಲಿ ಆದಷ್ಟು ಹೆಚ್ಚು ಜನರನ್ನು ಹಿಡಿದು ಮಾತಾಡಿಸುವ ತನ್ನ ಮೊದಲ ಸ್ಪರ್ಧೆ ಮುಗಿಸಿ ಕ್ಲಬ್ಬಿನ ಹಳೆಯ ಹಿತ್ತಾಳೆ ಕೀಯನ್ನು ಒರೆಸುತ್ತಿದ್ದ. ಮುಂದಿನ ಸ್ಪರ್ಧೆಗೆ ಕ್ಲಬ್ಬಿನ ಪರವಾಗಿ ಯಾರು ಕೂರಬೇಕೆಂದು ನಂಜರಾಜ ಮೇಷ್ಟ್ರು ಅಂದು ಸಂಜೆ ಹೇಳುವವರಿದ್ದರು.

“ಸಿಕ್ಕವರೆಲ್ಲ ಏನಂದರಯ್ಯ?”

“ಐದು ಒಂಬತ್ತು ಒಂಬತ್ತು ಅಂದರು. ಒಬ್ಬರೂ ಕಡಿಮೆ ಕೊಡಲಿಲ್ಲ, ಮೇಷ್ಟ್ರೇ.”

“ಭೇಷ್! ನಾನು ಕೀ ಮುಟ್ಟಿದರೆ ಧ್ರುವದ ಕರಡಿಗಳು ಎದ್ದು ಕೂತು ತಾಳ ಹಾಕುತ್ತವೆ, ಅದು ಲೋಕಕ್ಕೇ ಗೊತ್ತು. ಆ ಕತೆ ಇರಲಿ. ಬೇರೆಯವನದೊಂದು ಹೇಳುತ್ತೇನೆ, ಕೇಳು.”

ಮೇಷ್ಟ್ರು ಹೇಳಿದರು:

ಒಬ್ಬ ಗಡಿಯಾರ ರಿಪೇರಿಯವನಿದ್ದ. ಪ್ರಾಯದಲ್ಲಿ ಹಡಗಿನ ಮೇಲೆ ಮೋರ್ಸ್ ಕಳಿಸುವ ಕೆಲಸ ಮಾಡಿದವನು. ಅವನ ಜೊತೆ ದುಡಿದ ಗೆಳೆಯನೊಬ್ಬ ದೂರದ ದ್ವೀಪದಲ್ಲಿ ನೆಲೆಸಿದ್ದ. ಆ ಗೆಳೆಯ ಒಂದು ದಿನ ಫೋನು ಮಾಡಿದ. “ನಾನು ಮಗಳ ಊರಿಗೆ ಹೊರಟೆ ಕಣೋ. ಭಾನುವಾರ ಆಂಟೆನಾ ಇಳಿಸುತ್ತೇನೆ. ನಿನ್ನ ಬಾಯಿ ಎಷ್ಟು ಕೇಳಿದರೇನು? ಕೊನೆಗೊಮ್ಮೆ ನಿನ್ನ ಕೈ ಕೇಳಿಸು.”

ಗಡಿಯಾರದವನು ಅಟ್ಟದಿಂದ ಹಳೆಯ ವಾಲ್ವ್ ರೇಡಿಯೊ ಸೆಟ್ಟನ್ನೂ ಹಿತ್ತಾಳೆ ಕೀಯನ್ನೂ ಇಳಿಸಿದ. ಧೂಳು ಕೊಡವಿ ಜೀವ ಬರಿಸಿದ. ಶನಿವಾರ ಆಕಾಶದ ತುಂಬ ಸ್ಪರ್ಧೆ. ಸೆಟ್ಟು ಹೇಗಿದೆ ನೋಡೋಣವೆಂದು ಅವನೂ ನುಗ್ಗಿದ.

ಐದು ಅಂದರೆ ಅಕ್ಷರ ಅಕ್ಷರವೂ ತಿಳಿಯಿತು. ಒಂಬತ್ತು ಅಂದರೆ ಸದ್ದು ಜೋರಾಗಿದೆ. ಕೊನೆಯ ಒಂಬತ್ತು ಅಂದರೆ ಸ್ವರ ಶುದ್ಧ. ಆದರೆ ಸ್ಪರ್ಧೆಯಲ್ಲಿ ಇದನ್ನು ಯಾರೂ ಅಳೆದು ಕೊಡುವುದಿಲ್ಲ. ಸಿಕ್ಕವರ ಕೈಗೆಲ್ಲ ಮದುವೆಮನೆಯ ತಾಂಬೂಲದ ಹಾಗೆ ಹಾಕಿ ಮುಂದಕ್ಕೆ ಓಡುತ್ತಾರೆ. ಹಡಗಿನಲ್ಲಷ್ಟೇ ದುಡಿದ ಗಡಿಯಾರದವನಿಗೆ ಈ ರೂಢಿ ಗೊತ್ತಿರಲಿಲ್ಲ. “ಇನ್ನೊಮ್ಮೆ ಹೇಳಿ, ಇನ್ನೊಮ್ಮೆ ಹೇಳಿ” ಎಂದು ಗೋಳು ಹುಯ್ದುಕೊಂಡವರೂ ಕೊನೆಗೆ ಐದು ಒಂಬತ್ತು ಒಂಬತ್ತು ಅಂದರು. ಅವನು ಕೊನೆಯದನ್ನಷ್ಟೇ ಕಿವಿಗೆ ಹಾಕಿಕೊಂಡ.

ಸ್ಪರ್ಧೆಯಲ್ಲಿ ಇಂದುಧರನಿಗೂ ಬಹಳ ಜನ ‘ಇನ್ನೊಮ್ಮೆ’ ಅಂದಿದ್ದರು. ಅದನ್ನು ಅವನು ಹೇಳಲಿಲ್ಲ. ಕೀಯನ್ನು ಮತ್ತೊಮ್ಮೆ ಒರೆಸಿದ.

ಮೇಷ್ಟ್ರು ಮುಂದುವರಿಸಿದರು:

ಅಷ್ಟರಲ್ಲಿ ರೇಡಿಯೊದಲ್ಲಿ ಒಬ್ಬ ಮೆಣಸಿನಕಾಯಿ ವ್ಯಾಪಾರಿ ಸಿಕ್ಕಿದ. ಅವನಿಗೆ ಅವಸರವಿರಲಿಲ್ಲ. “ಯಜಮಾನರೇ, ಅರ್ಧ ಅಕ್ಷರ ನುಂಗಿಹೋಗುತ್ತಿವೆ. ನೀವು ಒತ್ತಿದಾಗಲೆಲ್ಲ ಸ್ವರ ಜಾರಿ ಪಕ್ಕಕ್ಕೆ ಓಡುತ್ತದೆ. ಸೆಟ್ಟು ಬಿಚ್ಚಿ ನೋಡಿ” ಎಂದ.

ಗಡಿಯಾರದವನಿಗೆ ಮೈಯೆಲ್ಲ ಉರಿಯಿತು. “ಲೋಕವೆಲ್ಲ ಚೆನ್ನಾಗಿದೆ ಅನ್ನುವಾಗ ನಿನ್ನದೊಂದು ಖಾರ! ನಿನ್ನ ಕಿವಿ ತೊಳೆದುಕೊ” ಎಂದು ಕೀ ಬಡಿದು ಅವನನ್ನು ಅಲ್ಲಿಗೇ ಬಿಟ್ಟ. ಸೆಟ್ಟು ಬಿಚ್ಚಲಿಲ್ಲ. ಸುಖವಾಗಿ ನಿದ್ದೆ ಮಾಡಿದ.

ಭಾನುವಾರ ಬೆಳಿಗ್ಗೆ ದ್ವೀಪದ ಕರೆ ನಿಚ್ಚಳವಾಗಿ ಕೇಳಿಸಿತು. ಅದೇ ಹಳೆಯ ಕೈ. “ಬಂದೆಯೇನೋ?”

ಇವನು “ಬಂದೆ” ಎಂದು ಒತ್ತಿದ.

ಅಲ್ಲಿಂದ ಮತ್ತೆ, “ಬಂದೆಯೇನೋ?”

ಇವನು ಒತ್ತಿದ. ಇನ್ನೂ ಬಲವಾಗಿ ಒತ್ತಿದ. ಅಲ್ಲಿಂದ ಬಂದದ್ದು ಅದೇ ಮಾತು. ಬಿಸಿಲೇರಿತು. “ಏನೋ ಕೀಚು ಕೀಚು ಅನ್ನುತ್ತಿದೆ, ಯಾವ ಹಕ್ಕಿಯೋ ಕಾಣೆ. ನನ್ನವನು ಬರಲಿಲ್ಲ. ಆಂಟೆನಾ ಇಳಿಸುತ್ತಿದ್ದೇನೆ” ಎಂದು ಗೆಳೆಯ ಗಾಳಿಗೆ ಹೇಳಿದ. ಆಮೇಲೆ ದ್ವೀಪ ಸುಮ್ಮನಾಯಿತು.

ಮೇಷ್ಟ್ರು ಕತೆ ನಿಲ್ಲಿಸಿ ಎಲೆಗೆ ಸುಣ್ಣ ಹಚ್ಚತೊಡಗಿದರು.

ಇಂದುಧರ ಕೀಯನ್ನು ಕೆಳಗಿಟ್ಟ. “ಪಾಪ, ಆ ವ್ಯಾಪಾರಿಯ ಮಾತು ಕೇಳಬೇಕಿತ್ತು” ಎಂದ. ಮೇಷ್ಟ್ರು ತಲೆಯಾಡಿಸಿದರು. ಅವನಿಗೆ ತಡೆಯಲಾಗಲಿಲ್ಲ.

“ಅದಿರಲಿ ಮೇಷ್ಟ್ರೇ, ನನ್ನ ಕೈ ಹೇಗಿದೆ ಅಂತ ನೀವು ಹೇಳಲೇ ಇಲ್ಲವಲ್ಲ?”

ಮೇಷ್ಟ್ರು ಎಲೆ ಮಡಿಸಿ ಬಾಯಿಗಿಟ್ಟುಕೊಂಡು ಅವನ ಬೆನ್ನು ತಟ್ಟಿದರು.

“ಐದು ಒಂಬತ್ತು ಒಂಬತ್ತು.”