ಗೆರೆ ಬಿಗಿಹಿಡಿದ ತಟ್ಟೆ

ಪಿಂಟೊ ಮಾಸ್ತರರ ಗ್ರಾಮಫೋನಿನ ಮೇಲೆ ಹಾಡಿ ಹಾಡಿ ಹಳತಾಗಿದ್ದ ಜಾಜ್ ತಟ್ಟೆಗೆ ಬೆಳಗಿನಿಂದ ಎದೆ ಡವಗುಟ್ಟುತ್ತಿತ್ತು. ಅದರಲ್ಲಿದ್ದ ಸ್ಯಾಕ್ಸೊಫೋನ್ ವಾದನವನ್ನೇ ಕರಕರ ತೆಗೆದು ತಿದ್ದಿ ಹೊಸದಾಗಿ ಅಚ್ಚುಹಾಕಿದ ತಟ್ಟೆಯೊಂದು ಪಕ್ಕದಲ್ಲೇ ಬಂದು ಕೂತಿತ್ತು.

"ಅಜ್ಜೀ, ನಿನ್ನ ಮೈತುಂಬ ಅದೇನು ಗೀರು? ನನ್ನಲ್ಲಿ ಒಂದಿಷ್ಟೂ ಕರಕರವಿಲ್ಲ ನೋಡು," ಎಂದಿತು ಹೊಸತು. ಹೆದರಿದವರ ಮೇಲೆ ಕಪ್ಪೆ ಎಸೆದ ಹಾಗಾಯಿತು.

ಮಾಸ್ತರರು ಹೊಸತನ್ನು ಪೂರ್ತಿ ಕೇಳಿದರು. ಆಮೇಲೆ ಹಳತನ್ನು ಎತ್ತಿ, ಒರೆಸಿ, ಮುಳ್ಳು ಇಡಲು ಹೋದರು.

"ಮುಳ್ಳಣ್ಣಾ, ಇವತ್ತು ಗೆರೆಯೊಳಗೆ ಇಳಿಯಬೇಡ," ಎಂದು ಹಳತು ಬೇಡಿಕೊಂಡಿತು. "ನನ್ನ ಕರಕರ ಕೇಳಿದರೆ ಅಟ್ಟಕ್ಕೆ ಹಾಕಿಬಿಡುತ್ತಾರೆ."

"ನಾನು ಇಳಿಯದೆ ನೀನು ಹಾಡುವುದು ಹೇಗೆ ತಂಗೀ? ದೇವರು ಉಳಿಸಿದಷ್ಟು ದನಿ ಇದೆಯಲ್ಲ, ಅದನ್ನೇ ಹಾಡು."

ತಟ್ಟೆ ಕೇಳಲಿಲ್ಲ, ಗೆರೆಗಳನ್ನೆಲ್ಲ ಬಿಗಿಹಿಡಿಯಿತು. ಮುಳ್ಳು ಅಂಚಿನಿಂದ ನಡುವಿಗೆ ಸರ್ರನೆ ಜಾರಿತು. ಮಾಸ್ತರರು ಮತ್ತೆ ಇಟ್ಟರು, ಮತ್ತೆ ಜಾರಿತು. "ಪಾಪ, ಇದರ ಕಾಲ ಮುಗಿಯಿತು," ಎಂದುಕೊಂಡು ಅದನ್ನು ರಟ್ಟಿನ ಚೀಲಕ್ಕೆ ಸೇರಿಸತೊಡಗಿದರು.

"ಅಣ್ಣಾ, ಕೊನೆಗೂ ನನ್ನ ಗೀರು ಅವರ ಕಣ್ಣಿಗೆ ಬಿತ್ತೇ?" ಎಂದು ತಟ್ಟೆ ಅಳುತ್ತ ಕೇಳಿತು.

"ಗೀರು ಅವರಿಗೆ ಹೊಸದಲ್ಲ," ಎಂದಿತು ಮುಳ್ಳು. "ಇಷ್ಟು ವರ್ಷ ಆ ಕರಕರದೊಡನೆಯೇ ತಲೆದೂಗಿದವರು ಅವರು. ಹೊಸತನ್ನು ಕೇಳಿದ ಮೇಲೂ ನಿನ್ನನ್ನು ಕೈಗೆತ್ತಿಕೊಂಡರು. ಇವತ್ತು ಅವರಿಗೆ ಕೇಳಿಸದೆ ಹೋದದ್ದು ನಿನ್ನ ಹಾಡು."