ಪಕ್ಕದ ಸೀಟಿನ ಸಿಗ್ನಲ್

ಅರಸೀಕೆರೆಯಲ್ಲಿ ಮರುಳಸಿದ್ದಪ್ಪ ಎಂಬ ಗೂಡ್ಸ್ ರೈಲಿನ ಡ್ರೈವರ್ ಇದ್ದರು. ಗೂಡ್ಸ್ ಗಾಡಿಯವರ ಪಾಡು ನಿಮಗೆ ಗೊತ್ತಿರಲಿಕ್ಕಿಲ್ಲ. ಅವರು ಓಡಿಸುವುದಕ್ಕಿಂತ ನಿಲ್ಲಿಸಿಕೊಂಡು ಕೂರುವುದೇ ಹೆಚ್ಚು. ಹಿಂದಿನಿಂದ ಎಕ್ಸ್‌ಪ್ರೆಸ್ ಬರುತ್ತಿದೆ ಎಂದರೆ ಗೂಡ್ಸ್ ಗಾಡಿಯನ್ನು ಪಕ್ಕದ ಲೂಪ್ ಲೈನಿಗೆ ಹಾಕುತ್ತಾರೆ. ಎಕ್ಸ್‌ಪ್ರೆಸ್ ಧೂಳೆಬ್ಬಿಸಿಕೊಂಡು ಹೋಗುತ್ತದೆ. ಅದರ ಹಿಂದೆ ಪ್ಯಾಸೆಂಜರ್ ಬರುತ್ತದೆ, ಅದಕ್ಕೂ ದಾರಿ ಬಿಡಬೇಕು. ಕಲ್ಲಿದ್ದಲಿಗೂ ಸಿಮೆಂಟಿಗೂ ಏನು ಅವಸರ, ಅಲ್ಲವೆ? ಹೀಗೆ ಮರುಳಸಿದ್ದಪ್ಪನವರು ತಮ್ಮ ಸರ್ವೀಸಿನ ಅರ್ಧವನ್ನು ಇನ್ನೊಬ್ಬರಿಗೆ ದಾರಿ ಬಿಡುತ್ತ, ಆರಿದ ಚಹಾ ಕುಡಿಯುತ್ತ ಕಳೆದರು.

ಹಾಗಾಗಿ ಅವರ ಎದೆಯೊಳಗೆ ಒಂದು ಆಸೆ ಬಲಿಯುತ್ತ ಬಂತು. ರಿಟೈರ್ ಆದ ಮೇಲೆ ಜೋರಾಗಿ ಓಡುವ ಕಾರೊಂದನ್ನು ತಗೊಳ್ಳಬೇಕು. ಯಾರೂ ತಮ್ಮನ್ನು ಹಿಂದೆ ಹಾಕಬಾರದು. ಡ್ಯೂಟಿಗೆ ಒಯ್ಯುವ ಕಬ್ಬಿಣದ ಪೆಟ್ಟಿಗೆಯ ಮುಚ್ಚಳದ ಒಳಗೆ, ಬೇರೆಯವರು ದೇವರ ಪಟ ಅಂಟಿಸುವ ಜಾಗದಲ್ಲಿ, ಅವರು ಕೆಂಪು ಕಾರಿನ ಚಿತ್ರ ಅಂಟಿಸಿದ್ದರು.

ಆಸೆಗೆ ಇನ್ನೊಂದು ಅರ್ಧವೂ ಇತ್ತು. ಎಂಜಿನ್ನಿನ ಕಿಟಕಿಯಿಂದ ಅವರು ಎಷ್ಟೋ ಚೆಂದದ ಜಾಗಗಳನ್ನು ನೋಡಿದ್ದರು. ಕೆರೆಯ ಮೇಲೆ ಇಳಿಯುವ ಕೊಕ್ಕರೆ ಹಿಂಡು, ಹೂ ಬಿಟ್ಟ ಸೂರ್ಯಕಾಂತಿ ಹೊಲ, ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳು. ಎಂಜಿನ್ನಿಗೆ ಹೆಂಡತಿಯನ್ನು ಹತ್ತಿಸಿಕೊಳ್ಳುವ ಹಾಗಿಲ್ಲ. ಮನೆಗೆ ಬಂದು ಹೆಂಡತಿ ದಾಕ್ಷಾಯಣಿಗೆ ಬಾಯಲ್ಲಿ ಹೇಳುತ್ತಿದ್ದರು. "ಒಂದಿನ ಎಲ್ಲಾ ತೋರಿಸ್ತೀನಿ ಕಣೆ," ಎನ್ನುತ್ತಿದ್ದರು. ಆಕೆ ಬುತ್ತಿ ಕಟ್ಟುತ್ತ "ಹೂಂ" ಎನ್ನುತ್ತಿದ್ದರು.

ಈಗ ಎಂಜಿನ್ನಿನೊಳಗಿನ ಒಂದು ಪದ್ಧತಿ ಹೇಳಬೇಕು, ಯಾಕೆಂದರೆ ಕಥೆ ನಿಂತಿರುವುದೇ ಅದರ ಮೇಲೆ. ದೂರದಲ್ಲಿ ಸಿಗ್ನಲ್ ಕಂಡ ಕೂಡಲೇ ಡ್ರೈವರೂ ಪಕ್ಕದಲ್ಲಿರುವ ಅಸಿಸ್ಟೆಂಟೂ ಕೈ ಎತ್ತಿ, ತಮಗೆ ಕಂಡ ಬಣ್ಣವನ್ನು ಬಾಯಿಬಿಟ್ಟು ಕೂಗಿ ಹೇಳಬೇಕು. ಹಸಿರು ಅಂದರೆ ಹಸಿರು, ಕೆಂಪು ಅಂದರೆ ಕೆಂಪು. ಇಬ್ಬರಲ್ಲಿ ಒಬ್ಬರು ಕೆಂಪು ಎಂದರೂ ಗಾಡಿ ನಿಲ್ಲಬೇಕು. ಯಾರದು ಸರಿ ಎಂಬುದನ್ನು ನಿಂತ ಮೇಲೆ ನೋಡಿಕೊಳ್ಳುವುದು. ಈ ವಿಷಯದಲ್ಲಿ ಮರುಳಸಿದ್ದಪ್ಪನವರು ಬಹಳ ಬಿಗಿ. ಒಮ್ಮೆ ಒಬ್ಬ ಅಸಿಸ್ಟೆಂಟ್, ತಾನು ನೋಡದೆ, ಇವರು ಹೇಳಿದ್ದನ್ನೇ ತಿರುಗಿ ಒಪ್ಪಿಸುತ್ತಿದ್ದ. "ನನ್ನ ಮಾತನ್ನ ನನಗೇ ವಾಪಸ್ ಹೇಳೋಕೆ ನೀನು ಯಾಕಪ್ಪ? ಆ ಕೆಲಸ ಸುರಂಗಾನೂ ಮಾಡುತ್ತೆ," ಎಂದು ಗದರಿದ್ದರು.

ಇಷ್ಟು ತಿಳಿದ ಮನುಷ್ಯ ಮನೆಗೆ ಬಂದರೆ ಎಲ್ಲವನ್ನೂ ಮರೆಯುತ್ತಿದ್ದರು. ಟಿವಿ ತಂದರು, ಆಮೇಲೆ "ಹೆಂಗೈತೆ?" ಎಂದರು. ದಾಕ್ಷಾಯಣಿ "ಹೂಂ" ಎಂದರು. ಸೋಫಾ ತಂದರು, ಗೋಡೆಗೆ ಬಣ್ಣ ಬಳಿಸಿದರು, ಆಗಲೂ "ಹೆಂಗೈತೆ?", ಆಗಲೂ "ಹೂಂ". ತಮ್ಮ ಸಂಸಾರದಲ್ಲಿ ಒಂದು ದಿನವೂ ಭಿನ್ನಾಭಿಪ್ರಾಯ ಬಂದಿಲ್ಲ ಎಂದು ಅವರು ಗೆಳೆಯರ ಮುಂದೆ ಬೀಗುತ್ತಿದ್ದರು. ಪಾಪ, ಅದನ್ನು ನಿಜವೆಂದೇ ನಂಬಿದ್ದರು.

ರಿಟೈರ್ ಆದರು. ಹಾರ ಹಾಕಿಸಿಕೊಂಡರು. ಹಾರ ಬಾಡುವ ಮೊದಲೇ ಹಾಸನದ ಶೋರೂಮಿಗೆ ಹೋಗಿ ಒಂದು ಕಾರು ಆರಿಸಿ ಬಂದರು. ಕೆಂಪು ಬಣ್ಣ, ನೆಲಕ್ಕೆ ತಾಗಿದಂಥ ಮೈ, ಗುರ್ರೆನ್ನುವ ಎಂಜಿನ್. ಮರುದಿನ ಬುಕ್ ಮಾಡುವುದೆಂದು ಮಾತಾಯಿತು. ಹೆಂಡತಿಗೆ ಒಂದು ಸಲ ತೋರಿಸಿಬಿಡೋಣ, ಹೇಗೂ "ಹೂಂ" ಎನ್ನುತ್ತಾಳೆ ಎಂದು ಆಕೆಯನ್ನೂ ಕರೆದುಕೊಂಡು ಹೋದರು.

ದಾಕ್ಷಾಯಣಿ ಸೀರೆಯ ನೆರಿಗೆ ಒಟ್ಟಿಗೆ ಹಿಡಿದುಕೊಂಡು, ಬಗ್ಗಿ, ಬಾಗಿಲಿಗೆ ಕೈಯೂರಿ, ಅಂತೂ ಆ ಕಾರಿನೊಳಗೆ ಇಳಿದರು. ಹೌದು, ಹತ್ತಲಿಲ್ಲ, ಇಳಿದರು. ಶೋರೂಮಿನ ಹೆಣ್ಣುಮಗಳೊಬ್ಬಳು ಹಿಂದೆ ಮುದುರಿ ಕೂತಳು. ಮರುಳಸಿದ್ದಪ್ಪನವರು ಗಾಡಿ ಹೊರಡಿಸಿದರು. ಷಡ್ಡಕ ಓಂಕಾರಪ್ಪನ ಹಳೇ ಅಂಬಾಸಿಡರಿನಲ್ಲಿ ಕಾರು ಕಲಿತವರಿಗೆ ಇದು ಬೇರೆಯೇ ಲೋಕ. ಕಾಲಿಟ್ಟರೆ ಸಾಕು, ಮುಂದಕ್ಕೆ ಹಾರುತ್ತಿತ್ತು. ಅವರ ಮುಖ ಅರಳಿತು.

"ಹೆಂಗೈತೆ?" ಎಂದರು.

"ಹೂಂ," ಎಂದರು ದಾಕ್ಷಾಯಣಿ.

ಅಷ್ಟರಲ್ಲಿ ಎದುರಿಗೆ ಟ್ರಾಫಿಕ್ ಸಿಗ್ನಲ್ ಬಂತು. ಹಳೆಯ ಅಭ್ಯಾಸ ಎಲ್ಲಿಗೆ ಹೋಗುತ್ತದೆ? ಮರುಳಸಿದ್ದಪ್ಪನವರ ಕೈ ತಾನಾಗಿ ಮೇಲೆದ್ದಿತು. "ಹಸಿರು!" ಎಂದು ಕೂಗಿದರು. ಪಕ್ಕದಿಂದ ಉತ್ತರ ಬರಲಿಲ್ಲ. ಉತ್ತರ ಬರದೆ ಸಿಗ್ನಲ್ ದಾಟಿ ಅವರಿಗೆ ಅಭ್ಯಾಸವಿರಲಿಲ್ಲ. ಕಾಲು ಬ್ರೇಕಿನ ಮೇಲೆ ಹೋಯಿತು.

"ಕೂಗು ದಾಕ್ಷಿ, ಏನ್ ಸಿಗ್ನಲ್ಲು?"

"ಏನ್ ಕೂಗ್ಲಿ?" ಎಂದರು ದಾಕ್ಷಾಯಣಿ. "ನನಗೆ ಇಲ್ಲಿಂದ ಡ್ಯಾಶ್‌ಬೋರ್ಡು ಕಾಣುತ್ತೆ. ಅದರ ಮೇಲೆ ಒಂಚೂರು ಆಕಾಶ ಕಾಣುತ್ತೆ. ಸಿಗ್ನಲ್ ಎಲ್ಲೈತೋ ನನಗೇನು ಗೊತ್ತು?"

ಹಿಂದಿನವರು ಹಾರ್ನ್ ಹೊಡೆದರು. ಮರುಳಸಿದ್ದಪ್ಪನವರು ಸಿಗ್ನಲ್ ದಾಟಿ ಕಾರನ್ನು ಪಕ್ಕಕ್ಕೆ ನಿಲ್ಲಿಸಿದರು. ಇಳಿದು ಬಂದು, ಹೆಂಡತಿಯನ್ನು ಕೈಹಿಡಿದು ಎಬ್ಬಿಸಿ, ಆಕೆಯ ಸೀಟಿನಲ್ಲಿ ತಾವು ಕೂತರು. ರಸ್ತೆ ಚೆನ್ನಾಗಿಯೇ ಕಂಡಿತು. ಆಮೇಲೆ ಏನೋ ಹೊಳೆದು, ಆಕೆಯ ಎತ್ತರಕ್ಕೆ ತಲೆ ಬರುವ ತನಕ ಕೆಳಕ್ಕೆ ಜಾರಿದರು. ಕಪ್ಪು ಡ್ಯಾಶ್‌ಬೋರ್ಡು. ಮೇಲೆ ಒಂಚೂರು ಆಕಾಶ. ಕೊಕ್ಕರೆಯೂ ಇಲ್ಲ, ಕೆರೆಯೂ ಇಲ್ಲ.

"ಮೊದಲೇ ಯಾಕೆ ಹೇಳಲಿಲ್ಲ ನೀನು?"

"ನೀವು ಕೇಳಿದ್ದು ಹೆಂಗೈತೆ ಅಂತ. ನಿನಗೇನು ಕಾಣುತ್ತೆ ಅಂತ ಯಾವತ್ತು ಕೇಳಿದ್ರಿ?" ದಾಕ್ಷಾಯಣಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವರಿಗೆ ಹೆಚ್ಚು ನಾಟಿತು. "ಹೆಂಗೈತೆ ಅಂತ ನೀವು ಕೇಳೋ ಹೊತ್ತಿಗೆ ಸಾಮಾನು ಮನೆಗೆ ಬಂದಾಗಿರ್ತಿತ್ತು. ಆಗ ಹೂಂ ಅನ್ನದೆ ಇನ್ನೇನು ಅನ್ನೋದು?"

ಮರುಳಸಿದ್ದಪ್ಪನವರಿಗೆ ತಾವು ಗದರಿದ್ದ ಆ ಅಸಿಸ್ಟೆಂಟ್ ನೆನಪಾದ. ಮನೆಯಲ್ಲಿ ಒಂದು ಸುರಂಗವನ್ನು ಕಟ್ಟಿಕೊಂಡು, ಅದರ ಮುಂದೆ ನಿಂತು ಕೂಗಿ, ಬಂದ ದನಿ ಕೇಳಿ ಖುಷಿಪಟ್ಟವರು ತಾವೇ. ಅವರಿಗೆ ನಾಚಿಕೆಯಾಯಿತು. ಕಾರನ್ನು ಶೋರೂಮಿಗೆ ಒಪ್ಪಿಸಿ, ಬುಕ್ ಮಾಡದೆ ಊರಿಗೆ ಮರಳಿದರು.

ನಾಚಿಕೆಯಾಯಿತೆಂದು ಆಸೆ ಹೋಗುತ್ತದೆಯೆ? ನಾಲ್ಕಾರು ದಿನ ಮುಖ ಊದಿಸಿಕೊಂಡು ಓಡಾಡಿದರು. ಅವರಿಗೆ ಒಳಗೊಳಗೇ ಒಂದು ಭಯ. ಓಂಕಾರಪ್ಪ ಒಂದು ಬಿಳಿ ಕಾರು ತಗೊಂಡಿದ್ದ. ಗೇರ್ ಹಾಕುವ ಗೋಜಿಲ್ಲ, ಸದ್ದಿಲ್ಲ, ಅವಸರವಿಲ್ಲ. "ಭಾವ, ಈ ವಯಸ್ಸಿಗೆ ಇದೇ ಸರಿ," ಎಂದು ಸಿಕ್ಕಾಗಲೆಲ್ಲ ಹೇಳುತ್ತಿದ್ದ. ದಾಕ್ಷಿಯನ್ನು ಕೇಳಿದರೆ ಆಕೆಯೂ ಅದನ್ನೇ ಹೇಳುತ್ತಾಳೆ, ಉಳಿದ ಆಯುಷ್ಯವನ್ನೂ ಲೂಪ್ ಲೈನಿನಲ್ಲೇ ಕಳೆಯಬೇಕಾಗುತ್ತದೆ ಎಂದು ಅವರು ಹೆದರಿದ್ದರು. ಹೆದರಿದ್ದಕ್ಕೇ ಕೇಳಿರಲಿಲ್ಲ.

ಕೊನೆಗೆ ಒಂದು ಬೆಳಗ್ಗೆ ಕಾಫಿ ಕುಡಿಯುತ್ತ ಧೈರ್ಯ ಮಾಡಿದರು.

"ದಾಕ್ಷಿ, ನಾವಿಬ್ರೂ ಓಡಾಡೋಕೆ ಎಂಥ ಕಾರು ಬೇಕು? ನೀನು ಹೇಳು. ನಾನು ಬಾಯಿ ಬಿಡಲ್ಲ."

ದಾಕ್ಷಾಯಣಿ ಲೋಟ ಕೆಳಗಿಟ್ಟರು. ಹೀಗೆ ಕೇಳಿಸಿಕೊಂಡು ಅಭ್ಯಾಸವಿಲ್ಲದ್ದರಿಂದ, ಬೇಡದ್ದರಿಂದಲೇ ಶುರು ಮಾಡಿದರು.

"ಓಂಕಾರಪ್ಪನವರ ಕಾರು ಮಾತ್ರ ಬೇಡ," ಎಂದರು. "ಅದು ಆಸ್ಪತ್ರೆಗೆ ಹೋಗಿಬರೋಕೆ ಚೆನ್ನಾಗೈತೆ. ನಾವೇನು ಆಸ್ಪತ್ರೆಗೆ ಹೊರಟಿದ್ದೀವಾ?"

ಮರುಳಸಿದ್ದಪ್ಪನವರ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

"ಮದುವೆಗೆ ಮುಂಚೆ ನಮ್ಮಣ್ಣ ಮೋಟಾರ್ ಬೈಕಲ್ಲಿ ಬಾಣಾವರದ ರೋಡಿಗೆ ನನ್ನ ಕರ್ಕೊಂಡು ಹೋಗ್ತಿದ್ದ. ಇನ್ನೂ ಜೋರು, ಇನ್ನೂ ಜೋರು ಅಂತ ನಾನೇ ಅವನ ಬೆನ್ನಿಗೆ ಗುದ್ತಿದ್ದೆ. ಕಣ್ಣಲ್ಲಿ ನೀರು ಬರೋ ಹಂಗೆ ಗಾಳಿ ಹೊಡೀತಿತ್ತು." ಹೇಳುತ್ತ ಹೇಳುತ್ತ ಆಕೆಯ ಮುಖಕ್ಕೆ ಹುಡುಗಿಯ ಕಳೆ ಬಂತು. "ನನಗೂ ಜೋರಾಗಿ ಹೋಗೋ ಗಾಡೀನೇ ಬೇಕು. ಆದ್ರೆ ಕೂತ್ರೆ ರಸ್ತೆ ಕಾಣಬೇಕು. ಯಾರೂ ಎಳೀದೆ ನಾನಾಗಿ ನಾನು ಇಳೀಬೇಕು. ಇನ್ನೊಂದು, ಬೇಜಾರು ಮಾಡ್ಕೋಬೇಡಿ. ಜೀವಮಾನವೆಲ್ಲ ಕೆಂಪು ಕಂಡ್ರೆ ನಿಂತೋರು ನೀವು. ಈಗ ಕೆಂಪಿನೊಳಗೇ ಕೂತ್ಕೊಂಡು ಓಡ್ತೀನಿ ಅಂತೀರಲ್ಲ!"

ಮರುಳಸಿದ್ದಪ್ಪನವರು ಬಿದ್ದು ಬಿದ್ದು ನಕ್ಕರು. ನಕ್ಕು ಮುಗಿದ ಮೇಲೆ, ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಈ ಹುಡುಗಿಯನ್ನು ತಾನು ನೋಡಿಯೇ ಇರಲಿಲ್ಲವಲ್ಲ ಎಂದು ಅವರಿಗೆ ಸಂಕಟವಾಯಿತು. ಅದನ್ನು ಬಾಯಿಬಿಟ್ಟು ಆಕೆಗೆ ಹೇಳಿದರು ಕೂಡ. "ಈಗ ನೋಡಿದ್ರಲ್ಲ ಬಿಡಿ," ಎಂದರು ದಾಕ್ಷಾಯಣಿ.

ಅವತ್ತಿನಿಂದ ಇಬ್ಬರೂ ಎಂಜಿನ್ನಿನ ಪದ್ಧತಿಯಲ್ಲೇ ಕಾರು ಹುಡುಕಿದರು. ಪ್ರತಿ ಕಾರಿನಲ್ಲೂ ಇಬ್ಬರೂ ಕೂರುವುದು, ಒಂದು ಸುತ್ತು ಹೋಗಿಬರುವುದು, ಇಳಿದ ಮೇಲೆ ಒಬ್ಬರ ಮುಖ ಒಬ್ಬರು ನೋಡದೆ ಕೈ ಎತ್ತಿ ಕೂಗುವುದು. ಒಂದನ್ನು ಅವರು ಹಸಿರು ಎಂದರು, ಆಕೆ ಕೆಂಪು ಎಂದರು: ಬಾಗಿಲು ಸಣ್ಣದು. ಇನ್ನೊಂದನ್ನು ಆಕೆ ಹಸಿರು ಎಂದರು, ಅವರು ಕೆಂಪು ಎಂದರು: ತಿರುವಿನಲ್ಲಿ ಓಲಾಡುತ್ತದೆ. ಕೆಂಪು ಬಿದ್ದ ಮೇಲೆ ವಾದವಿಲ್ಲ, ಮುಂದಿನ ಶೋರೂಮು. ಮಾರುವವರು ಮೊದಲು ನಗುತ್ತಿದ್ದರು, ಆಮೇಲೆ ತಲೆ ಕೆರೆದುಕೊಳ್ಳುತ್ತಿದ್ದರು.

ಕೊನೆಗೆ ತುಮಕೂರಿನಲ್ಲಿ ಒಂದು ಪುಟ್ಟ ಕಾರು ಸಿಕ್ಕಿತು. ಸೀಟು ಎತ್ತರ, ಗಾಜು ಅಗಲ, ಎಂಜಿನ್ ತುಂಟ. ಗೇರ್ ಬದಲಿಸಿ ಕಾಲು ಒತ್ತಿದರೆ ಬೆನ್ನು ಸೀಟಿಗೆ ಅಂಟುತ್ತಿತ್ತು. ಇಳಿದು ಇಬ್ಬರೂ ಒಟ್ಟಿಗೇ "ಹಸಿರು!" ಎಂದರು. ಬಣ್ಣ ಮಾತ್ರ ಹಳದಿ. ಬೇರೆ ಬಣ್ಣಕ್ಕೆ ಕಾಯಬೇಕು ಎಂದರು ಶೋರೂಮಿನವರು. ಕಾದು ಕಾದು ಸಾಕಾಗಿದ್ದ ಮರುಳಸಿದ್ದಪ್ಪನವರು ಹೆಂಡತಿಯನ್ನು ನೋಡಿದರು. "ಹಳದಿ ಅಂದ್ರೆ ನಿಮ್ಮಲ್ಲಿ ಏನರ್ಥ?" ಎಂದರು ಆಕೆ. "ಹೋಗು, ಮುಂದೆ ನೋಡ್ಕೊಂಡು ಹೋಗು ಅಂತ," ಎಂದರು ಇವರು. "ನಮ್ಮ ವಯಸ್ಸಿಗೆ ಸರಿಯಾಗೈತೆ," ಎಂದರು ದಾಕ್ಷಾಯಣಿ.

ಪೂಜೆ ಮಾಡಿಸಿ, ನಿಂಬೆಹಣ್ಣು ತುಳಿಸಿ, ಒಂದು ಮುಂಜಾನೆ ಇಬ್ಬರೂ ಅಜ್ಜಂಪುರದ ಕಡೆ ಹೊರಟರು. ದಾರಿಯಲ್ಲಿ ಕೆರೆ ಸಿಕ್ಕಿತು, ಕೊಕ್ಕರೆಗಳಿದ್ದವು. ದಾಕ್ಷಾಯಣಿ ನಿಲ್ಲಿಸಿ ಎಂದರು, ನಿಲ್ಲಿಸಿದರು. ನಿಂತಾಗ ಕಾರುಗಳು ಒಂದರ ಹಿಂದೊಂದು ಇವರನ್ನು ದಾಟಿ ಹೋದವು. ಬೇಜಾರು ಮಾಡಿಕೊಳ್ಳಬೇಕಿತ್ತು ಎಂಬುದು ಮರುಳಸಿದ್ದಪ್ಪನವರಿಗೆ ಆಮೇಲೆ ನೆನಪಾಯಿತು.

ಮತ್ತೆ ಹೊರಟು, ರಸ್ತೆ ನೇರವಾದ ಮೇಲೆ, ಕಾರು ಬಿಲ್ಲಿನಿಂದ ಬಿಟ್ಟ ಬಾಣದಂತೆ ಓಡತೊಡಗಿತು. ಮುಂದೆ ಎಡಕ್ಕೆ ಒಂದು ತಿರುವು. ಅಲ್ಲಿ ರಸ್ತೆ ಎತ್ತರದಲ್ಲಿತ್ತು, ದಾಕ್ಷಾಯಣಿ ಕೂತ ಎಡಪಕ್ಕದ ಹೊಲ ಕೆಳಗಿತ್ತು. ಮರುಳಸಿದ್ದಪ್ಪನವರಿಗೆ ಖಾಲಿ ರಸ್ತೆ ಕಂಡಿತು. ಕಾಲನ್ನು ಇನ್ನಷ್ಟು ಒತ್ತುವುದರಲ್ಲಿದ್ದರು.

"ಕೆಂಪು!" ಎಂದರು ದಾಕ್ಷಾಯಣಿ. ಕೈ ಮೇಲೆತ್ತಿದ್ದರು.

ಮರುಳಸಿದ್ದಪ್ಪನವರು ಯಾಕೆಂದು ಕೇಳಲಿಲ್ಲ. ತಮಗೆ ಹಸಿರು ಕಾಣುತ್ತಿದೆಯಲ್ಲ ಎನ್ನಲಿಲ್ಲ. ಬ್ರೇಕ್ ಒತ್ತಿದರು. ಕಾರು ಕಿರ್ರೆಂದು ನಿಂತಿತು. ಮರುಕ್ಷಣ ಹೊಲದ ಕಡೆಯಿಂದ ಒಂದು ಕುರಿ ರಸ್ತೆಗೆ ಹತ್ತಿತು. ಅದರ ಹಿಂದೆ ಇನ್ನೊಂದು, ಆಮೇಲೆ ಹಿಂಡಿಗೆ ಹಿಂಡು. ಎಲ್ಲಕ್ಕಿಂತ ಹಿಂದೆ, ಒಂದು ಮರಿಯನ್ನು ಹೆಗಲಿಗೆ ಹಾಕಿಕೊಂಡ ಮುದುಕಿ. ಆಕೆ ಕಾರಿನ ಮುಂದೆಯೇ ನಿಧಾನವಾಗಿ ದಾಟಿ, ಇವರ ಕಡೆ ನೋಡಿ ನಕ್ಕು ಹೋದಳು.

ಮರುಳಸಿದ್ದಪ್ಪನವರು ಕೆಳಗಿನ ಹೊಲವನ್ನೂ ಹೆಂಡತಿಯ ಸೀಟನ್ನೂ ನೋಡಿದರು. ಕೆಂಪು ಕಾರಾಗಿದ್ದರೆ ಪಕ್ಕದ ಸೀಟಿನಲ್ಲಿ ಡ್ಯಾಶ್‌ಬೋರ್ಡು ನೋಡುವವಳು ಇರುತ್ತಿದ್ದಳು. ಬಿಳಿ ಕಾರಾಗಿದ್ದರೆ ಇಬ್ಬರೂ ಈ ದಾರಿಗೆ ಬರುತ್ತಲೇ ಇರಲಿಲ್ಲ.

"ನನಗೆ ಕಾಣಲಿಲ್ಲ ದಾಕ್ಷಿ," ಎಂದರು.

"ನನಗೆ ಕಂಡಿತ್ತಲ್ಲ," ಎಂದರು ದಾಕ್ಷಾಯಣಿ.

ರಸ್ತೆ ತೆರವಾಯಿತು. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಮರುಳಸಿದ್ದಪ್ಪನವರು ಗೇರ್ ಹಾಕಿ, ಹೊರಡದೆ, ಪಕ್ಕಕ್ಕೆ ತಿರುಗಿ ಕಾದರು. ದಾಕ್ಷಾಯಣಿ ಕತ್ತು ಚಾಚಿ ಎಡಕ್ಕೆ ನೋಡಿದರು, ಮುಂದೆ ನೋಡಿದರು, ಕೈ ಎತ್ತಿದರು.

"ಹಸಿರು," ಎಂದರು. ಆಮೇಲೆ ಗಂಡನ ಭುಜಕ್ಕೆ ಮೆಲ್ಲಗೆ ಒಂದು ಗುದ್ದು ಕೊಟ್ಟರು. "ಇನ್ನೂ ಜೋರು!"

ನೀತಿ: ಜೊತೆಗೆ ಬರುವವರ "ಹೂಂ" ಒಪ್ಪಿಗೆಯಲ್ಲ. ಎಲ್ಲ ಮುಗಿದ ಮೇಲೆ "ಹೇಗಿದೆ?" ಎನ್ನುವ ಬದಲು, ಹೊರಡುವ ಮೊದಲೇ "ನಿನಗೇನು ಕಾಣುತ್ತದೆ?" ಎಂದು ಕೇಳಿ. ಅವರು ಕೆಂಪು ಎಂದಾಗ ನಿಲ್ಲುವವರಿಗೇ, ಅವರ ಬಾಯಿಂದ "ಇನ್ನೂ ಜೋರು" ಎಂದು ಕೇಳುವ ಭಾಗ್ಯ.